ಸೀರೀಸೋ, ಪ್ಯಾರಲಲ್ಲೋ?

ಎಲೆಕ್ಟ್ರಿಕಲ್ ಇಂಜಿನಿಯರಿಂಗ್ ಓದಿದವನಿಗೆ ನೆಂಟರ ಮನೆಯಲ್ಲಿ ಊಟದ ಎಲೆಗಿಂತ ಮೊದಲು ಮಿಕ್ಸಿ ಬರುತ್ತದೆ. ಮಿಕ್ಸಿ ಮುಗಿದರೆ ಗೀಸರು, ಗೀಸರು ಮುಗಿದರೆ ಯುಪಿಎಸ್ಸು, ಅದೂ ಆದಮೇಲೆ ದೇವರಮನೆಯ ಮಿಣುಕು ದೀಪದ ಸರ. ನಾನು ಕೆಲಸ ಮಾಡಿದ್ದು 66 ಕೆವಿ ಸಬ್‌ಸ್ಟೇಷನ್ನುಗಳಲ್ಲಿ, ಅಲ್ಲಿ ಸ್ಕ್ರೂ ತಿರುಗಿಸಿದ್ದಕ್ಕಿಂತ ಲಾಗ್ ಬುಕ್ ಬರೆದದ್ದೇ ಜಾಸ್ತಿ ಎಂದು ಎಷ್ಟು ಸಲ ಹೇಳಿದರೂ ಯಾರ ತಲೆಗೂ ಹೋಗುವುದಿಲ್ಲ. "ಕರೆಂಟ್ ಕರೆಂಟೇ ಅಲ್ವೇನೋ" ಅನ್ನುತ್ತಾಳೆ ಅಕ್ಕ. ರಿಟೈರಾದ ಮೇಲಂತೂ ನನಗೆ ಬೇರೆ ಕೆಲಸವೇ ಇಲ್ಲವೆಂದು ಬಳಗದಲ್ಲೆಲ್ಲ ತೀರ್ಮಾನವಾಗಿದೆ.

ಈ ಸಲ ಬಂದದ್ದು ಮಿಕ್ಸಿಯಲ್ಲ. ಅಕ್ಕನ ಮಗ ಪುಟ್ಟನ ಕಾರು. ಪುಟ್ಟ ಎಂದರೆ ಮೀಸೆ ಗಡ್ಡ ಎರಡೂ ಇರುವ ಸಾಫ್ಟ್‌ವೇರಿನವನು. ಸೆಕೆಂಡ್ ಹ್ಯಾಂಡಿನಲ್ಲಿ ಕೊಂಡ ಸಣ್ಣ ಕಾರಿನ ಡಿಕ್ಕಿಯಿಂದ ಒಂದು ರಟ್ಟಿನ ಡಬ್ಬಿ ತೆಗೆದು, ಸುತ್ತಮುತ್ತ ಅವನ ಅಮ್ಮ ಇಲ್ಲದ್ದನ್ನು ಖಾತ್ರಿ ಮಾಡಿಕೊಂಡು ಪಿಸುಗುಟ್ಟಿದ: "ಮಾಮ, ನೈಟ್ರಸ್ ಕಿಟ್ಟು. ಹಾಕಿದ್ರೆ ಕಾರಿನ ಓಟ ಜಾಸ್ತಿ ಆಗುತ್ತೆ. ಫ್ರೆಂಡು ಅಮೆರಿಕದಿಂದ ತಂದಿದ್ದು. ಎಲ್ಲಾ ಇದೆ. ನೀವು ಬರೀ ಒಂದು ಸ್ವಿಚ್ ಕೊಟ್ರೆ ಸಾಕು."

ಈ 'ಬರೀ' ಎಂಬುದರಿಂದ ಶುರುವಾದ ಯಾವ ಕೆಲಸವೂ ಅವತ್ತು ಮುಗಿದದ್ದನ್ನು ನಾನು ಕಂಡಿಲ್ಲ.

'ಎಲ್ಲಾ ಇದೆ' ಅಂದನಲ್ಲ, ಡಬ್ಬಿಯಲ್ಲಿ ಕರೆಂಟು ಕೊಟ್ಟರೆ ತೆರೆದುಕೊಳ್ಳುವ ಎರಡು ಸೊಲೆನಾಯ್ಡ್ ವಾಲ್ವು, ಒಂದು ನಾಝಲ್ಲು, ಸ್ಟೀಲ್ ಹೆಣಿಗೆಯ ಪೈಪು, ಒಂದು ಮೈಕ್ರೋ ಸ್ವಿಚ್ಚು ಇದ್ದವು. ಇಲ್ಲದೇ ಇದ್ದದ್ದು ಅನಿಲದ ಸಿಲಿಂಡರು. ಅದನ್ನು ವಿಮಾನದಲ್ಲಿ ತರಲು ಬಿಡುವುದಿಲ್ಲವಂತೆ. ಕಿಟ್ಟಿನೊಂದಿಗೆ ಬರಬೇಕಾದ ಪುಸ್ತಕವೂ ಇರಲಿಲ್ಲ. ಅದಕ್ಕೆ ಬದಲಾಗಿ ಪುಟ್ಟನ ಹತ್ತಿರ ಒಂದು ವಿಡಿಯೋ ಇತ್ತು. ಆ ವಿಡಿಯೋದವನ ವಿಷಯಕ್ಕೆ ಆಮೇಲೆ ಬರುತ್ತೇನೆ. ಅವನ ಮೇಲಿನ ಸಿಟ್ಟು ಇನ್ನೂ ಇಳಿದಿಲ್ಲ.

ನೈಟ್ರಸ್ ಆಕ್ಸೈಡ್ ಎಂದರೆ ನಾವು ಹೈಸ್ಕೂಲಿನಲ್ಲಿ ಓದಿದ ನಗೆ ಅನಿಲವೇ. 1772ರಲ್ಲಿ ಪ್ರೀಸ್ಟ್ಲಿ ಅದನ್ನು ತಯಾರಿಸಿದ. 1799ರಲ್ಲಿ ಹಂಫ್ರಿ ಡೇವಿ ಬ್ರಿಸ್ಟಲ್ಲಿನಲ್ಲಿ ಕೂತು ತಾನೇ ಎಳೆದುಕೊಂಡು ನೋಡಿ, ಕವಿಮಿತ್ರರಿಗೂ ಎಳೆಸಿದ. 1844ರಲ್ಲಿ ಅಮೆರಿಕದ ಹಲ್ಲಿನ ಡಾಕ್ಟರೊಬ್ಬ ಅದನ್ನು ಮೂಸಿ ತನ್ನದೇ ಹಲ್ಲು ಕೀಳಿಸಿಕೊಂಡ. ಎರಡನೇ ಮಹಾಯುದ್ಧದಲ್ಲಿ ಜರ್ಮನ್ನರು, ಗಾಳಿ ತೆಳುವಾದ ಎತ್ತರದಲ್ಲೂ ಎಂಜಿನ್ ದಮ್ಮು ಕಟ್ಟಬಾರದೆಂದು ಅದನ್ನು ಯುದ್ಧವಿಮಾನಕ್ಕೆ ತುಂಬಿದರು. ಇಷ್ಟೆಲ್ಲ ಸುತ್ತಿ ಬಂದ ಅನಿಲ ಕೊನೆಗೆ ಬನಶಂಕರಿ ಎರಡನೇ ಹಂತಕ್ಕೆ ಬಂದು ನನ್ನ ಭಾನುವಾರವನ್ನು ನುಂಗಿತು.

ಎಂಜಿನ್ನಿನಲ್ಲಿ ಅದರ ಕೆಲಸ ಸರಳ. ಎಂಜಿನ್ನಿನ ಸಿಲಿಂಡರಿನೊಳಗೆ ಚೆನ್ನಾಗಿ ಬಿಸಿಯಾದರೆ ಅದು ಒಡೆದು ಆಕ್ಸಿಜನ್ ಬಿಡುತ್ತದೆ. ತೂಕದ ಲೆಕ್ಕದಲ್ಲಿ ಗಾಳಿಯಲ್ಲಿ ಆಕ್ಸಿಜನ್ ಶೇಕಡಾ 23, ಇದರಲ್ಲಿ 36. ಆಕ್ಸಿಜನ್ ಹೆಚ್ಚಾದರೆ ಪೆಟ್ರೋಲನ್ನೂ ಹೆಚ್ಚು ಸುಡಬಹುದು, ಅದಕ್ಕೇ ಎರಡು ವಾಲ್ವು: ಒಂದು ಅನಿಲಕ್ಕೆ, ಇನ್ನೊಂದು ಪೆಟ್ರೋಲಿಗೆ. ಆದರೆ ಆಕ್ಸಿಲರೇಟರನ್ನು ಪೂರ್ತಿ ತುಳಿದು, ಎಂಜಿನ್ ಚೆನ್ನಾಗಿ ಸುತ್ತುತ್ತಿರುವಾಗ ಮಾತ್ರ ಇದನ್ನು ಬಿಡಬೇಕು. ನಿಧಾನಕ್ಕೆ ಓಡುವಾಗ ಬಿಟ್ಟರೆ ಅನಿಲ, ಪೆಟ್ರೋಲು ಎರಡೂ ಎಂಜಿನ್ನಿಗೆ ಗಾಳಿ ಹೋಗುವ ಇನ್‌ಟೇಕಿನಲ್ಲೇ ತುಂಬಿಕೊಂಡು ಅಲ್ಲೇ ಹತ್ತಿಕೊಳ್ಳಬಹುದು. ಆಮೇಲೆ ಬಾನೆಟ್ಟು ತೆಗೆಯುವ ಶ್ರಮ ನಮಗಿರುವುದಿಲ್ಲ, ಅದೇ ತೆಗೆದುಕೊಳ್ಳುತ್ತದೆ. ಆ ಮೈಕ್ರೋ ಸ್ವಿಚ್ಚು ಇರುವುದು ಇದಕ್ಕೇ. ಪೆಡಲ್ಲು ತಳ ಮುಟ್ಟಿದಾಗ ಮಾತ್ರ ಅದು ಒತ್ತಿಕೊಳ್ಳುತ್ತದೆ.

ಸಾಮಾನಿಗೆ ಎಸ್.ಪಿ. ರಸ್ತೆಗೆ ಹೋದೆವು. 12 ವೋಲ್ಟಿನ ರಿಲೇ, ಫ್ಯೂಸು, ಟಾಗಲ್ ಸ್ವಿಚ್ಚು, ಒಂದು ಪುಷ್ ಬಟನ್ನು, ಒಂದು ಪುಟ್ಟ ಎಲ್‌ಇಡಿ, ವೈರು. ಬಟನ್ ಆರಿಸಲು ಪುಟ್ಟನಿಗೆ ಹಿಡಿದಷ್ಟು ಸಮಯ ಅವನ ಅಮ್ಮನಿಗೆ ಚಿಕ್ಕಪೇಟೆಯಲ್ಲಿ ರೇಷ್ಮೆ ಸೀರೆಗೂ ಹಿಡಿಯುವುದಿಲ್ಲ. ಹಸಿರು ಬಟನ್ನು ಲಿಫ್ಟಿನದರ ಹಾಗಿದೆ, ಬಿಳಿಯದು ಕಾಲಿಂಗ್ ಬೆಲ್ಲು, ಕೆಂಪು ಅಣಬೆಯಾಕಾರದ್ದು ಪರವಾಗಿಲ್ಲ. "ಸಾರ್, ಅದು ಮಿಷನ್ ನಿಲ್ಸೋ ಬಟನ್ನು" ಎಂದ ಅಂಗಡಿಯವನು. ಅದನ್ನೇ ತಂದೆವು.

ಈಗ ವಿಡಿಯೋದವನು.

ಅವನ ಗ್ಯಾರೇಜು ನಮ್ಮ ಅಕ್ಕನ ಮನೆಗಿಂತ ದೊಡ್ಡದು. ಕೈಗೆ ಗ್ರೀಸು ಮೆತ್ತುವುದಿಲ್ಲ, ಸ್ಕ್ರೂ ಕೆಳಗೆ ಬೀಳುವುದಿಲ್ಲ, ಬಿದ್ದರೂ ಎಂಜಿನ್ನಿನ ಸಂದಿಯೊಳಗೆ ಹೋಗಿ ಕೂರುವುದಿಲ್ಲ. ನಾನು ಒಂದು ವೈರಿನ ತುದಿ ಸುಲಿದರೆ ಸಾಕು, ಪುಟ್ಟ ಫೋನು ನಿಲ್ಲಿಸಿ, ಹಿಂದಕ್ಕೆ ಎಳೆದು, ಮತ್ತೆ ನೋಡಿ, "ಅವನು ಹೀಗೆ ಮಾಡಿಲ್ಲ ಮಾಮ" ಅನ್ನುತ್ತಾನೆ. ನಾನು ಹಳದಿ ವೈರು ತೆಗೆದುಕೊಂಡರೆ "ಅವನದು ಕೆಂಪು ಮಾಮ". ವೈರಿಗೆ ಬಣ್ಣ ಕಾಣುವುದಿಲ್ಲ ಕಣೋ ಎಂದೆ. "ಅವನು ಹತ್ತು ವರ್ಷದಿಂದ ಇದೇ ಮಾಡ್ತಿದಾನೆ ಮಾಮ" ಎಂದ. ನಾನೇನು ಇಷ್ಟು ವರ್ಷ ಟ್ರಾನ್ಸ್‌ಫಾರ್ಮರಿನ ಕೆಳಗೆ ಕಡ್ಲೆಕಾಯಿ ಮಾರುತ್ತಿದ್ದೆನೇ? ಮಾತು ಬಾಯಿಗೆ ಬಂದಿತ್ತು, ಅಷ್ಟರಲ್ಲಿ ಅಕ್ಕ ಕಾಫಿ ತಂದಳು.

ಕಾಫಿ ಹೊತ್ತಿಗೆ ಇನ್ನೊಂದು ಹೊಸ ತಾಪತ್ರಯ. ವಿಡಿಯೋದವನು ಡ್ಯಾಶ್‌ಬೋರ್ಡಿನ ಎಡಗಡೆ ಬಗ್ಗಿ, ಎಂಜಿನ್ನಿಗೂ ನಾವು ಕೂರುವ ಜಾಗಕ್ಕೂ ನಡುವಿನ ತಗಡಿನ ಗೋಡೆಯಲ್ಲಿ, ಅಂದರೆ ಫೈರ್‌ವಾಲಿನಲ್ಲಿ, ಇದ್ದ ರಬ್ಬರ್ ಬಿರಡೆ ತೆಗೆದು, ಅಲ್ಲಿಂದ ವೈರನ್ನು ಎಂಜಿನ್ ಕಡೆಗೆ ನುಗ್ಗಿಸಿದ. ಪುಟ್ಟ ನಮ್ಮ ಕಾರಿನ ಎಡಗಡೆ ಟಾರ್ಚ್ ಬಿಟ್ಟುಕೊಂಡು ಹುಡುಕಿದ, ಹುಡುಕಿದ, ಬಿರಡೆಯಿಲ್ಲ. ಗ್ಲೋವ್ ಬಾಕ್ಸು ಬಿಚ್ಚಿದ. ಮ್ಯಾಟು ಕಿತ್ತ. ಹಳೆಯ ಎಮಿಷನ್ ಟೆಸ್ಟ್ ಚೀಟಿಗಳು, ಮಂತ್ರಾಕ್ಷತೆ, ಅರ್ಧ ಕಡಿದ ಚಿಕ್ಕಿ ಸಿಕ್ಕಿದವು. ಅಮೆರಿಕದಲ್ಲಿ ಸ್ಟೀರಿಂಗು ಎಡಕ್ಕಿರುತ್ತದೆ, ನಮ್ಮದು ಬಲಕ್ಕೆ, ಅವನು ತೋರಿಸುತ್ತಿರುವುದು ಡ್ರೈವರ್ ಕಡೆಯದು ಎಂದು ನಾನು ಹೇಳುವುದರೊಳಗೆ ಭಾವ ಪೇಪರ್ ಮಡಚಿಟ್ಟು ಎದ್ದು ಬಂದರು. ಭಾವ ಬ್ಯಾಂಕಿನಲ್ಲಿದ್ದವರು, ಯಾವುದಕ್ಕೂ ಅವರಲ್ಲಿ ಒಂದು ಪರಿಹಾರ ಇರುತ್ತದೆ.

"ಕನ್ನಡೀಲಿ ನೋಡ್ರೋ. ಎಡ ಬಲ ಆಗುತ್ತೆ."

ಪುಟ್ಟ ಫೋನನ್ನು ಕಾರಿನ ಹಿಂಗನ್ನಡಿಗೆ ಹಿಡಿದ. ಭಾವ, ಪುಟ್ಟ ಇಬ್ಬರೂ ಕತ್ತು ಚಾಚಿ ಕನ್ನಡಿಯೊಳಗಿನ ಅಮೆರಿಕದವನನ್ನು ನೋಡತೊಡಗಿದರು. ಸ್ಟೀರಿಂಗು ಬಲಕ್ಕೆ ಬಂತು, ನಿಜ. ಅದರ ಜೊತೆಗೆ ಆಕ್ಸಿಲರೇಟರು ಕ್ಲಚ್ಚಿನ ಜಾಗಕ್ಕೆ ಹೋಯಿತು! ಸ್ಟೀರಿಂಗು ಯಾವ ಕಡೆಯಿದ್ದರೂ ಆಕ್ಸಿಲರೇಟರು ಬಲಗಾಲಿಗೇ ಎಂಬುದನ್ನು ಇಬ್ಬರಿಗೂ ನಾನು ವಿವರಿಸಬೇಕಾಯಿತು. "ಹಾಗಾದ್ರೆ ಈ ಮೈಕ್ರೋ ಸ್ವಿಚ್ಚು ಕ್ಲಚ್ಚಿಗಾ?" ಎಂದು ಭಾವ ಕೇಳಿದರು. ಅಲ್ಲಲ್ಲ ಎಂದೆ. "ವಿಡಿಯೋದಲ್ಲಿ ಹಾಗೇ ಕಾಣಿಸ್ತಿದೆಯಲ್ಲ?" ಎಂದರು. ಎದುರುಮನೆಯ ಹುಡುಗ ಕ್ರಿಕೆಟ್ ಬಿಟ್ಟು ಬಂದು ಹಿಂದಿನ ಸೀಟಿನಲ್ಲಿ ಕೂತ. ಮೂವರೂ ಕನ್ನಡಿ ನೋಡುತ್ತಿರುವಾಗ ನಾನು ಸ್ಟೀರಿಂಗಿನ ಕೆಳಗೆ ತಲೆ ತೂರಿಸಿ, ಇದ್ದ ಬಿರಡೆಯಲ್ಲೇ ಒಂದು ತೂತು ಮಾಡಿ ವೈರು ದಾಟಿಸಿದೆ. ಪುಟ್ಟ ತಿರುಗಿ ನೋಡಿ "ಮಾಮ, ಅವನಿನ್ನೂ ಅಲ್ಲಿಗೆ ಬಂದಿಲ್ಲ" ಎಂದು ಬೇಜಾರು ಮಾಡಿಕೊಂಡ.

ನಿಜವಾದ ಜಗಳ ಆದದ್ದು ಬಟನ್ನಿನ ಮೇಲೆ. ಸೊಲೆನಾಯ್ಡು ಎಳೆಯುವ ಕರೆಂಟು ದೊಡ್ಡದು, ಅದನ್ನು ಬಟನ್ನಿನ ಮೂಲಕ ಹರಿಸಿದರೆ ಬಟನ್ನೇ ಸುಡುತ್ತದೆ. ಅದಕ್ಕೇ ನಡುವೆ ರಿಲೇ. ಬ್ಯಾಟರಿಯಿಂದ ಫ್ಯೂಸು ದಾಟಿ ಬಂದದ್ದು 30ನೇ ಪಿನ್ನಿಗೆ, 87ರಿಂದ ಸೊಲೆನಾಯ್ಡಿಗೆ. 85, 86 ಎಂಬೆರಡು ಪಿನ್ನಿಗೆ ಸಣ್ಣ ಕರೆಂಟು ಕೊಟ್ಟರೆ ಒಳಗಿನ ಕಾಯಿಲು ಎಳೆದು ದೊಡ್ಡದನ್ನು ಸೇರಿಸುತ್ತದೆ. ಇಷ್ಟಕ್ಕೆ ಯಾರ ತಕರಾರೂ ಇರಲಿಲ್ಲ. ಆ ಸಣ್ಣ ಕರೆಂಟಿನ ದಾರಿಯಲ್ಲಿ ನಾನು ಟಾಗಲ್ಲು, ಮೈಕ್ರೋ ಸ್ವಿಚ್ಚು, ಕೆಂಪು ಬಟನ್ನು ಮೂರನ್ನೂ ಸೀರೀಸಿನಲ್ಲಿ ಕೊಟ್ಟೆ. ಮೂರು ಸಹಿ ಬೀಳದೆ ಫೈಲು ಕದಲದ ಹಾಗೆ.

ಪುಟ್ಟನಿಗೆ ಬೇಕಾಗಿದ್ದದ್ದು ಪ್ಯಾರಲಲ್ಲು, ಅಂದರೆ ಯಾವುದಾದರೂ ಒಂದು ಸಹಿ ಬಿದ್ದರೂ ಸಾಕು. "ಬಟನ್ ಒತ್ತಿದ್ರೆ ಸಾಕು, ಬಿಡಬೇಕು ಮಾಮ. ಅದಕ್ಕೇ ಮ್ಯಾನುಯಲ್ ಅನ್ನೋದು." ಪೆಡಲ್ಲು ತುಳಿದಿರಲಿ ಬಿಡಲಿ ಅನಿಲ ನುಗ್ಗಬೇಕಂತೆ. ಬಾನೆಟ್ಟಿನ ವಿಷಯ ಹೇಳಿದೆ. ಗಾಡಿಯನ್ನು ಮನಸ್ಸಿಗೆ ಬಂದಂತೆ ಮಾರ್ಪಡಿಸಬಾರದೆನ್ನುವ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಹೇಳಿದೆ. "ರೋಡಲ್ಲಿ ಹಾಕಲ್ಲ ಮಾಮ, ಟ್ರ್ಯಾಕಲ್ಲಿ ಮಾತ್ರ" ಎಂದ. ಟ್ರ್ಯಾಕು ಎಂದರೆ ಚೆನ್ನೈ ಬಳಿಯದೋ ಕೊಯಮತ್ತೂರಿನದೋ ಆಗಬೇಕು. ಇವನು ಭಾನುವಾರ ಬೆಳಿಗ್ಗೆ ಹಾಲು ತರುವುದಕ್ಕೇ ಮೂರು ಸಲ ಎಬ್ಬಿಸಿಕೊಳ್ಳುವವನು.

ಬಟನ್ ಒತ್ತಬೇಕೆಂಬ ಆಸೆ ನನಗೆ ಅರ್ಥವಾಗದ್ದಲ್ಲ. ಕೆಇಬಿ ಸೇರಿದ ಹೊಸದರಲ್ಲಿ ಮಳೆಗಾಲದ ರಾತ್ರಿ ಲೈನು ಟ್ರಿಪ್ಪಾಗುತ್ತಿತ್ತು. ಲೈನ್‌ಮನ್ನುಗಳು ಕತ್ತಲಲ್ಲಿ ಊರಾಚೆಯೆಲ್ಲ ನಡೆದು, ಮುರಿದ ಕೊಂಬೆ ತೆಗೆದು, ಕೊನೆಗೆ "ಲೈನ್ ಕ್ಲಿಯರ್ ಸಾರ್, ಕೊಡಿ" ಎಂದು ಹೇಳಿಕಳಿಸುವವರೆಗೆ ನಾನು ಬ್ರೇಕರಿನ ಮುಂದೆ ನಿಂತಿರುತ್ತಿದ್ದೆ. ಕೊಟ್ಟ ಕೂಡಲೇ ಅಷ್ಟು ದೂರದ ಊರಿನಿಂದ ಮಕ್ಕಳು 'ಹೋ' ಎಂದು ಕೂಗುವುದು ಕಂಟ್ರೋಲ್ ರೂಮಿಗೇ ಕೇಳುತ್ತಿತ್ತು. ಆ ಮಕ್ಕಳಿಗೆ ನಾನ್ಯಾರೆಂದು ಗೊತ್ತಿಲ್ಲ, ನನಗೆ ಅವರ ಮುಖ ಗೊತ್ತಿಲ್ಲ. ಈಗ ಎಲ್ಲರ ಮನೆಯಲ್ಲೂ ಯುಪಿಎಸ್ಸು. ಕರೆಂಟು ಹೋದದ್ದೂ ಗೊತ್ತಾಗುವುದಿಲ್ಲ, ಬಂದದ್ದೂ ಗೊತ್ತಾಗುವುದಿಲ್ಲ, ಕೂಗುವವರು ಯಾರು?

ಇದನ್ನು ಪುಟ್ಟನಿಗೆ ಹೇಳಲು ಹೋದೆ. ಅವನು ವಿಡಿಯೋ ನೋಡುತ್ತಿದ್ದ.

ಸೀರೀಸೇ ಉಳಿಯಿತು. ಅನಿಲವಿಲ್ಲದಿದ್ದರೂ ಪರೀಕ್ಷೆ ಮಾಡಿದೆವು: ಟಾಗಲ್ ಹಾಕಿ, ಪೆಡಲ್ ತಳಕ್ಕೆ ತುಳಿದು, ಬಟನ್ ಒತ್ತಿದರೆ ರಿಲೇ 'ಟಕ್', ಸೊಲೆನಾಯ್ಡು 'ಟಕ್', ಎಲ್‌ಇಡಿ ಬೆಳಗಿತು. ಪುಟ್ಟ ಖುಷಿಯಾಗಿ ಜಯನಗರ ನಾಲ್ಕನೇ ಬ್ಲಾಕಿಗೆ ಒಂದು ಸುತ್ತು ಹೋದ. ಮುಖ ಇಳಿಸಿಕೊಂಡು ಬಂದ. "ಸ್ವಿಚ್ಚು ಕೆಲಸ ಮಾಡ್ತಿಲ್ಲ ಮಾಮ. ಒಂದ್ಸಲಾನೂ ಲೈಟ್ ಬರ್ಲಿಲ್ಲ." ಸ್ವಿಚ್ಚು ಸರಿಯಾಗಿಯೇ ಇತ್ತು. ಬನಶಂಕರಿಯಿಂದ ಜಯನಗರದವರೆಗೆ ಆಕ್ಸಿಲರೇಟರು ತಳ ಮುಟ್ಟುವಷ್ಟು ಜಾಗವೇ ಇರಲಿಲ್ಲ.

ಸಿಲಿಂಡರಿನ ಬೇಟೆ ಇನ್ನೂ ನಡೆದಿದೆ. ಆಪರೇಷನ್ ಥಿಯೇಟರಿನಲ್ಲೂ ಇದೇ ಅನಿಲ ನೀಲಿ ಸಿಲಿಂಡರಿನಲ್ಲಿ ಬರುತ್ತದೆಂದು ಎಲ್ಲೋ ಓದಿ, ಅರಿವಳಿಕೆ ಡಾಕ್ಟರಾಗಿರುವ ನಮ್ಮ ಚಿಕ್ಕಪ್ಪನ ಮಗಳನ್ನೇ ಕೇಳಿದ್ದಾನೆ, "ಚಿಕ್ಕಮ್ಮ, ಒಂದು ಖಾಲಿ ಆಗ್ದೇ ಇರೋದು ಸಿಗುತ್ತಾ?" ಎಂದು. ಅವಳು ನನಗೆ ಫೋನ್ ಮಾಡಿ, "ಅಣ್ಣ, ಹುಡುಗನಿಗೆ ಹೆಣ್ಣು ಏನಾದ್ರೂ ನೋಡ್ತಿದೀರಾ?" ಎಂದಳು.

ಇಷ್ಟರಲ್ಲಿ ಅಕ್ಕನಿಗೆ ವಿಷಯ ಗೊತ್ತಾಯಿತು. ಕೂಗಾಡುತ್ತಾಳೆ ಅಂದುಕೊಂಡೆ. ಅವಳು ಕೆಂಪು ಬಟನ್ನನ್ನು ಒಂದೆರಡು ಸಲ ಒತ್ತಿ ನೋಡಿ, "ಸುಮ್ನೆ ದಂಡಕ್ಕೆ ಇದೆಯಲ್ಲ, ಗ್ಲಾಸಿಗೆ ನೀರು ಬಿಡೋ ಸ್ವಿಚ್ಚು ಕೆಟ್ಟು ಎಷ್ಟು ದಿನ ಆಯ್ತು. ಅದನ್ನ ಇದಕ್ಕೆ ಕೊಟ್ಬಿಡೋ" ಎಂದಳು. ಅಕ್ಕನ ಮಾತು ಮೀರುವುದುಂಟೇ? ಸೊಲೆನಾಯ್ಡಿನ ವೈರು ಬಿಚ್ಚಿ ವಾಷರ್ ಮೋಟಾರಿಗೆ ಕೊಟ್ಟೆ. ಸೀರೀಸನ್ನು ಮಾತ್ರ ಮುಟ್ಟಲಿಲ್ಲ. ನಾಳೆ ಆ ಹುಡುಗನಿಗೆ ಸಿಲಿಂಡರು ಸಿಕ್ಕರೆ ವೈರು ಬದಲಿಸಲು ಅವನಿಗೆ ಎಷ್ಟು ಹೊತ್ತು?

ಹಾಗಾಗಿ ಈಗ ಆ ಕಾರಿನ ಗಾಜು ತೊಳೆಯಬೇಕಾದರೆ ಆಕ್ಸಿಲರೇಟರನ್ನು ತಳಕ್ಕೆ ತುಳಿಯಬೇಕು. ಪುಟ್ಟ ಸಿಗ್ನಲ್ಲಿನಲ್ಲಿ ನ್ಯೂಟ್ರಲ್ಲಿಗೆ ಹಾಕಿ, ಟಾಗಲ್ ಏರಿಸಿ, ಭರ್ ಎಂದು ರೇಸ್ ಕೊಡುತ್ತಾನಂತೆ. ಅಕ್ಕಪಕ್ಕದ ಬೈಕಿನ ಹುಡುಗರು ಪಂದ್ಯಕ್ಕೆ ಕರೆದನೆಂದು ತಿಳಿದು ಅವರೂ ಭರ್ ಅನ್ನಿಸುತ್ತಾರಂತೆ. ಆಗ ಇವನು ಕೆಂಪು ಬಟನ್ ಒತ್ತುತ್ತಾನೆ. ಎರಡು ಎಳೆ ನೀರು ಗಾಜಿನ ಮೇಲೂ, ಮಿಕ್ಕದ್ದು ಪಕ್ಕದ ಆಟೋದವನ ಮೇಲೂ ಬೀಳುತ್ತದೆ. "ಏನ್ ಗುರು, ಇಷ್ಟು ಸೌಂಡು ಇದಕ್ಕಾ?" ಎಂದನಂತೆ ಮೊನ್ನೆ ಒಬ್ಬ, ಮುಖ ಒರೆಸಿಕೊಂಡು.

ನಿನ್ನೆ ಅಕ್ಕನ ಫೋನು. "ಗ್ಲಾಸು ಫಳಫಳ ಅಂತಿದೆ ಕಣೋ. ಆದ್ರೆ ಈ ತಿಂಗಳು ಪೆಟ್ರೋಲ್ ಯಾಕೋ ತುಂಬಾ ಹೋಗ್ತಿದೆ. ಭಾನುವಾರ ಬಾ, ನಿಮ್ಮ ಭಾವ ಒಂದು ವಿಡಿಯೋ ನೋಡಿಟ್ಟಿದಾರೆ."