ಹದ ಅಂದರೆ ಎಷ್ಟು ಗ್ರಾಂ?

ತೊಡೆದೇವು ಎಂದರೆ ಬೋರಲು ಮಡಿಕೆಯ ಮೇಲೆ ಅಕ್ಕಿ-ಕಬ್ಬಿನ ಹಾಲಿನ ಹಿಟ್ಟು ತೊಡೆದು ಮಾಡುವ, ಕಾಗದದಷ್ಟು ತೆಳುವಾದ ನಮ್ಮೂರ ಸಿಹಿ. ಪುಣೆಯಲ್ಲಿ ಪಕ್ಕದ ಮನೆಯ ಮರಾಠಿ ಕಾಕು (ಚಿಕ್ಕಮ್ಮ) ಕೇಳಿದ್ದು ಇಷ್ಟೇ: "ನಿಮ್ಮ ತೊಡೆದೇವಿಗೆ ಅಕ್ಕಿ ಎಷ್ಟು ಗ್ರಾಂ, ಬೆಲ್ಲ ಎಷ್ಟು ಗ್ರಾಂ?" ನಮ್ಮೂರು ಶಿರಸಿಗೆ ಫೋನ್ ಹೋಯಿತು. ಅಲ್ಲಿಂದ ಬಂದ ಉತ್ತರವೂ ಇಷ್ಟೇ: "ಹದ ನೋಡ್ಕ್ಯಂಡು ಹಾಕು, ತಮಾ." ಇದನ್ನು ಮರಾಠಿಯಲ್ಲಿ ಹೇಗೆ ಹೇಳುವುದು? ವಹಿ (ನೋಟುಪುಸ್ತಕ) ತೆರೆದು ಕೂತಿದ್ದ ಕಾಕು ಸ್ವಲ್ಪ ಹೊತ್ತು ಕಾದು ಪೆನ್ನಿಗೆ ಟೋಪಿ ಹಾಕಿದರು. ಅದು ಚುಚ್ಚಿತು.

ತೂಕ ಅರಿಯದ ಊರೇನಲ್ಲ ನಮ್ಮದು. ಅಡಿಕೆಯನ್ನು ರಾಶಿ, ಚಾಲಿ, ಬೆಟ್ಟೆ ಎಂದು ಬೇರೆಬೇರೆ ಮಾಡಿ, ಚೀಲದ ತೂಕ ಕಳೆದು, ಧಾರಣೆಯಲ್ಲಿ ನೂರು ರೂಪಾಯಿ ಇಳಿದರೆ ಸಂಜೆವರೆಗೂ ಅದೇ ಮಾತು. ಅದೇ ಜನ ಅಡುಗೆಮನೆಯ ಹೊಸ್ತಿಲು ದಾಟಿದ್ದೇ 'ಒಂದು ಮುಷ್ಟಿ', 'ಚೂರು', 'ಕಣ್ಣಂದಾಜು'. ಅಡಿಕೆಗೆ ಇರುವ ತಕ್ಕಡಿ ಅಜ್ಜಿಯ ಕೈಗೆ ಯಾಕಿಲ್ಲ ಎಂಬುದೇ ನನ್ನ ತಕರಾರು.

ಆ ವಹಿಗೆ ಬೇಕಾಗಿದ್ದ ಲೆಕ್ಕ ಹೀಗಿದೆ. ಬೆಳ್ತಿಗೆ (ಕುಚ್ಚದ) ಅಕ್ಕಿ 250 ಗ್ರಾಂ, ಐದು ತಾಸು ನೆನೆಸಬೇಕು. ಕಬ್ಬಿನ ಹಾಲು (ಅಂದರೆ ಕಬ್ಬಿನ ರಸ) 1 ಲೀಟರ್, ಕಾಯಿಸಿ ನೊರೆ ತೆಗೆಯುತ್ತ ಅರ್ಧಕ್ಕೆ ಇಳಿಸಿ ಆರಿಸಬೇಕು. ಪುಣೆಯ ರಸವಂತಿಯಲ್ಲಿ (ಕಬ್ಬಿನ ಹಾಲಿನ ಅಂಗಡಿ) ಲಿಂಬು, ಶುಂಠಿ, ಬರ್ಫ (ಐಸು) ಮೂರೂ ಬೇಡ ಎಂದು ಮೊದಲೇ ಹೇಳಿ. ಲಿಂಬು ಬಿದ್ದರೆ ಕೆಟ್ಟಿತು. ಕಬ್ಬಿನ ಹಾಲು ಸಿಗದಿದ್ದರೆ 170 ಗ್ರಾಂ ಬೆಲ್ಲವನ್ನು 400 ಮಿಲಿ ನೀರಿನಲ್ಲಿ ಕರಗಿಸಿ ಶೋಧಿಸಬೇಕು. ಜೋನಿಬೆಲ್ಲ (ದ್ರವ ಬೆಲ್ಲ) ಆದರೆ ಅದರಲ್ಲೇ ನೀರಿದೆ, ನೀರು ಕಡಿಮೆ ಮಾಡಿ. ಕಾಲು ಚಮಚ ಅರಿಶಿನ, ಚಿಟಿಕೆ ಉಪ್ಪು. ಅಕ್ಕಿಯನ್ನು ಈ ಹಾಲಿನಲ್ಲೇ ನುಣ್ಣಗೆ ರುಬ್ಬಬೇಕು. ಬೆರಳ ತುದಿಗೆ ಒಂದು ತರಿ ಸಿಕ್ಕರೂ ಇನ್ನೊಂದು ಸುತ್ತು. ತರಿ ಇದ್ದ ಜಾಗದಲ್ಲೇ ತೊಡೆದೇವು ಹರಿಯುತ್ತದೆ. ಹಿಟ್ಟು ನೀರುಮಜ್ಜಿಗೆಗಿಂತ ಒಂದು ಗುಲಗಂಜಿ ದಪ್ಪ ಇರಲಿ (ನೋಡಿ, ಇಲ್ಲೂ ಅಂದಾಜು ನುಸುಳಿತು).

ಮುಂದಿನದು ಮಡಿಕೆ. ಹೊಸ ಮಡಿಕೆಯನ್ನು ಒಂದು ರಾತ್ರಿ ನೀರಲ್ಲಿ ಮುಳುಗಿಸಿಟ್ಟು, ಪೂರ್ತಿ ಒಣಗಿಸಿ, ಎಣ್ಣೆ ಸವರಿ ಸಣ್ಣ ಉರಿಯಲ್ಲಿ ಕಾಯಿಸುವುದನ್ನು ನಾಲ್ಕೈದು ಸಲ ಮಾಡಬೇಕು. ಇಲ್ಲದಿದ್ದರೆ ಮೊದಲ ಹತ್ತು ತೊಡೆದೇವು ಮಡಿಕೆಗೇ ನೈವೇದ್ಯ. ಒಲೆಯ ಮೇಲೆ ಬೋರಲು ಹಾಕಿ, ಎಣ್ಣೆಬಟ್ಟೆಯಿಂದ ಒರೆಸಿ, ತೆಳು ಹತ್ತಿ ಬಟ್ಟೆಯನ್ನು ಹಿಟ್ಟಿನಲ್ಲಿ ಅದ್ದಿ ಅದರ ಬೆನ್ನ ಮೇಲೆ ಒಂದೇ ಎಳೆತಕ್ಕೆ ತೊಡೆಯಬೇಕು. ಅಂಚು ತಾನಾಗಿ ಎದ್ದಾಗ ತುಪ್ಪ ಚಿಮುಕಿಸಿ, ಬಿಸಿಯಿದ್ದಾಗಲೇ ಅರ್ಧಕ್ಕೆ, ಮತ್ತೆ ಅರ್ಧಕ್ಕೆ ಮಡಚಿ ತೆಗೆಯಬೇಕು. ಅರೆಕ್ಷಣ ತಡವಾದರೆ ಮಡಚುವ ಬದಲು ಮುರಿಯುತ್ತದೆ.

ಕೆಡುವುದು ಎಲ್ಲಿ ಎಂಬುದನ್ನೂ ಬರೆದಿಡಬಹುದು. ಸಿಹಿ ಕಡಿಮೆಯಾದರೆ ಗರಿಗರಿ ಆಗುವುದಿಲ್ಲ, ತೆಳ್ಳೇವಿನ (ತೆಳು ದೋಸೆ) ಹಾಗೆ ಮೆತ್ತಗೆ ಉಳಿಯುತ್ತದೆ. ಸಿಹಿ ಹೆಚ್ಚಾದರೆ ಮಡಿಕೆ ಬಿಡುವುದಿಲ್ಲ, ಕರ್ರಗೆ ಹಿಡಿಯುತ್ತದೆ. ಮಡಿಕೆ ಅತಿ ಕಾಯ್ದರೆ ಹಿಟ್ಟು ಹನಿಹನಿಯಾಗಿ ಹಾರಿ ಜಾಳಿಗೆಯಾಗುತ್ತದೆ. ಕಾಯದಿದ್ದರೆ ತೊಡೆದದ್ದು ಬಟ್ಟೆಗೇ ಎದ್ದು ಬರುತ್ತದೆ. ಗ್ಯಾಸಿನಲ್ಲಿ ಇನ್ನೊಂದು ಪೇಚು: ಉರಿ ನಡುವಿಗಷ್ಟೇ ತಾಗಿ ಅಂಚು ಹಸಿ ಉಳಿಯುತ್ತದೆ. ಎರಡು ತೊಡೆದೇವಿಗೊಮ್ಮೆ ಮಡಿಕೆಯನ್ನು ಕಾಲು ಸುತ್ತು ತಿರುಗಿಸಿ. ಕಾಯ್ದ ಮಡಿಕೆಗೆ ತಣ್ಣೀರು ತಾಗಿಸಬೇಡಿ, ಬಿರುಕು ಬಿಡುತ್ತದೆ.

ಇಷ್ಟು ಬರೆಯಲು ಒಂದು ಪುಟ ಸಾಕು. ನಮ್ಮ ಎಷ್ಟು ಮನೆಗಳಲ್ಲಿ ಆ ಪುಟ ಇದೆ?

ಇಲ್ಲಿ ಪುಣೆಯವರ ಶನಿವಾರ-ಭಾನುವಾರ ನೋಡಿದರೆ ಹೊಟ್ಟೆಕಿಚ್ಚು ಬರುತ್ತದೆ. ಕೋಟೆ ಹತ್ತುವವರ ಚೀಲದಲ್ಲಿ ಅಳತೆಯ ಟೇಪು; ಬಾಗಿಲ ಎತ್ತರ, ಕೆರೆಯ ಮೆಟ್ಟಿಲು ಎಣಿಸಿ ಬರೆದುಕೊಳ್ಳುತ್ತಾರೆ. ಪುಣೆಯ ಭಾರತ ಇತಿಹಾಸ ಸಂಶೋಧಕ ಮಂಡಳ ಹುಟ್ಟಿದ್ದು 1910ರಲ್ಲಿ. ಹಳೆ ಕಾಗದ ಎಂದರೆ ರದ್ದಿ ಅಲ್ಲ ಎಂಬ ಬುದ್ಧಿ ಇಲ್ಲಿ ನಾಲ್ಕು ತಲೆಮಾರಿನದು. 1953ರಿಂದ ನಡೆದುಬಂದ ಸವಾಯಿ ಗಂಧರ್ವ ಸಂಗೀತ ಉತ್ಸವದಲ್ಲಿ ಹಿರಿಯರೊಬ್ಬರು ತೊಡೆಯ ಮೇಲೆ ವಹಿ ಇಟ್ಟು ರಾಗ, ತಾಳ, ಶುರುವಾದ ಹೊತ್ತು ಗುರುತು ಹಾಕುತ್ತಿದ್ದರು. ಉತ್ಸವ ಕಟ್ಟಿದ ಭೀಮಸೇನ ಜೋಶಿ ನಮ್ಮ ಗದಗಿನವರು, ಅವರ ಗುರು ಸವಾಯಿ ಗಂಧರ್ವರು ಕುಂದಗೋಳದವರು. ಹಾಡಿದ್ದು ನಮ್ಮವರು, ಲೆಕ್ಕ ಇಟ್ಟದ್ದು ಇವರು.

ನಮ್ಮಲ್ಲಿ, ಶಿರಸಿ ಹತ್ತಿರದ ಸೋಂದೆಯ ದಾರಿಯ ತೋಟಗಳಲ್ಲಿ ವೀರಗಲ್ಲು ಬಿದ್ದಿದ್ದರೆ ಅದು ಬಟ್ಟೆ ಒಗೆಯುವ ಕಲ್ಲು. ಕೆಳಗಿನ ಪಟ್ಟಿಯಲ್ಲಿ ಕಾಳಗ, ನಡುವೆ ಅಪ್ಸರೆಯರು ಒಯ್ಯುವುದು, ಮೇಲೆ ಲಿಂಗದ ಮುಂದೆ ಕೈಮುಗಿದು ಕೂತವ, ನೆತ್ತಿಯಲ್ಲಿ ಸೂರ್ಯ ಚಂದ್ರ. ಎಲ್ಲ ಇದೆ, ಮೇಲೆ ಸಾಬೂನಿನ ನೊರೆ. ಅಕ್ಷರ ಕಂಡರೆ ಕೆಲವರು ಸುಣ್ಣದ ಕಡ್ಡಿ ತಿಕ್ಕುತ್ತಾರೆ, ಕೆಲವರು ಎಣ್ಣೆ-ಕುಂಕುಮ ಮೆತ್ತುತ್ತಾರೆ. ಎರಡೂ ಕಲ್ಲಿಗೆ ಕೇಡು. ಭಾನುವಾರ ಸಂಜೆ ಒಂದು ತಾಸು ಸಾಕು: ಬರೀ ನೀರು, ಮೆತ್ತನೆ ಬ್ರಷ್ಷು, ಹಾವಸೆಯನ್ನು (ಪಾಚಿ) ಕೆರೆಯದೆ, ನೆನೆಸಿ ಬಿಡಿಸುವುದು. ಕತ್ತಲಾದ ಮೇಲೆ ಟಾರ್ಚನ್ನು ಕಲ್ಲಿನ ಮೈಗೆ ಓರೆಯಾಗಿ, ಒಂದು ಮೊಳ ದೂರದಲ್ಲಿ ಹಿಡಿದರೆ ಹಗಲು ಕಾಣದ ಸಾಲು ನೆರಳಿನಿಂದಲೇ ಏಳುತ್ತದೆ. ಎಡದಿಂದ ಒಂದು, ಬಲದಿಂದ ಒಂದು, ಮೇಲಿನಿಂದ ಒಂದು ಫೋಟೋ. ಪಕ್ಕದಲ್ಲಿ 30 ಸೆಂಟಿಮೀಟರಿನ ಪಟ್ಟಿ. ಕಲ್ಲನ್ನು ಇದ್ದಲ್ಲಿಂದ ಅಲುಗಿಸಬೇಡಿ. ಎಲ್ಲಿತ್ತು ಎಂಬುದೇ ಅರ್ಧ ಇತಿಹಾಸ.

ನಾಯಿಯ ವಿಷಯದಲ್ಲೂ ಅಷ್ಟೆ. ಜಂತುಹುಳದ ಮಾತ್ರೆ ಮೈತೂಕ ನೋಡಿ ಕೊಡುವಂಥದ್ದು, 'ಸಣ್ಣ ನಾಯಿಗೆ ಅರ್ಧ' ಎಂದಲ್ಲ. ಅಡಿಕೆ ತೂಗುವ ಪ್ಲಾಟ್‌ಫಾರ್ಮ್ ತಕ್ಕಡಿಯ ಮೇಲೆ ನಾಯಿಯನ್ನು ಎತ್ತಿಕೊಂಡು ನಿಂತು, ಆಮೇಲೆ ಒಬ್ಬರೇ ನಿಂತು ಕಳೆದರೆ ಆಯಿತು. ಬೇಸಿಗೆಯಲ್ಲಿ ಬೆಟ್ಟ ಸುತ್ತಿ ಬಂದ ನಾಯಿಯ ಕಿವಿ, ಕಂಕುಳು, ಬೆರಳ ಸಂದಿಯನ್ನು ದಿನವೂ ನೋಡಬೇಕು. ಉಣುಗನ್ನು ಚಿಮಟದಿಂದ ಚರ್ಮಕ್ಕೆ ತಾಗಿಸಿ ಹಿಡಿದು ನೇರ ಎಳೆಯಿರಿ; ಸೀಮೆಎಣ್ಣೆ, ಬೀಡಿಯ ಕಿಡಿ ಬೇಡ, ಬೆರಳಲ್ಲಿ ಚಿವುಟುವುದೂ ಬೇಡ. ಉಣುಗಿನಿಂದ ಹರಡುವ ಮಂಗನ ಕಾಯಿಲೆ ಸಿದ್ದಾಪುರದ ಕಡೆಯವರಿಗೆ ಹೊಸ ಸುದ್ದಿಯಲ್ಲ, ಆದರೂ ಬರಿಗೈಲೇ ಚಿವುಟುತ್ತಾರೆ.

ಇಷ್ಟೆಲ್ಲ ಬೈದ ಮೇಲೆ ಒಂದೆರಡು ಮಾತು ಒಪ್ಪಿಕೊಳ್ಳದೆ ವಿಧಿಯಿಲ್ಲ. ಅಳೆಯದ ಜನ ಎನ್ನುವುದು ಪೂರ್ತಿ ಸುಳ್ಳು. ಅಡುಗೆಮನೆಯಲ್ಲಿ ಚಮಚ ಹಿಡಿಯದ ಅದೇ ಮನೆಯ ಚಾವಡಿಯಲ್ಲಿ ಯಕ್ಷಗಾನದ ಭಾಗವತಿಕೆ (ಹಾಡುಗಾರಿಕೆ) ಶುರುವಾದರೆ, ತ್ರಿವುಡೆ ತಾಳದ ಏಳಕ್ಷರದಲ್ಲಿ ಮದ್ದಲೆ ಅರ್ಧ ಅಕ್ಷರ ಜಾರಿದರೂ ಕವಳ ಹಾಕುತ್ತ ಕೂತವರ ಹುಬ್ಬು ಮೇಲೇರುತ್ತದೆ. ವೇಷವಿಲ್ಲದ ಯಕ್ಷಗಾನ ತಾಳಮದ್ದಳೆಯಲ್ಲಿ ಮಾತಾಡುವ ಅರ್ಥಧಾರಿಗೆ ಬರೆದ ಮಾತಿಲ್ಲ, ಆದರೆ ಎಲ್ಲಿ ನಿಲ್ಲಿಸಬೇಕೆಂದು ಗೊತ್ತು. ಲೆಕ್ಕ ಇದೆ, ಕಾಗದದ ಮೇಲೆ ಇಲ್ಲ.

ಮತ್ತೆ, ಮೇಲಿನ ಗ್ರಾಂ ಲೆಕ್ಕವೂ ಪೂರಾ ನಂಬುವಂಥದ್ದಲ್ಲ. ಎಳೆ ಕಬ್ಬಿನ ಹಾಲಿಗೂ ಬಲಿತ ಕಬ್ಬಿನ ಹಾಲಿಗೂ ಸಿಹಿ ಬೇರೆ. ಗದ್ದೆ ಬದಲಾದರೂ ಬೇರೆ. ಒಂದೇ 1 ಲೀಟರ್ ಒಮ್ಮೆ ಗರಿಗರಿ, ಒಮ್ಮೆ ಅಂಟು. ಆಗ ಮಾಡಬೇಕಾದ್ದು ಒಂದೇ: ಒಂದು ತೊಡೆದು ನೋಡಿ, ಅಂಟಿದರೆ ಒಂದು ಚಮಚ ಅಕ್ಕಿಹಿಟ್ಟು, ಮೆತ್ತಗಾದರೆ ತುಸು ಬೆಲ್ಲ. ಊರಿನ ಫೋನು ಹೇಳಿದ್ದು ಅದನ್ನೇ. ಪುಣೆಗೂ ಒಂದು ಅಂಕ ಸಲ್ಲಬೇಕು: ಫೆಬ್ರವರಿಯ ಒಣ ಗಾಳಿಯಲ್ಲಿ ತೊಡೆದೇವು ಮುಚ್ಚಳವಿಲ್ಲದೆ ಒಂದು ದಿನ ಕೂತರೂ ಗರಿಗರಿ. ಕಾರವಾರದ ಕಡಲಗಾಳಿಗೆ ಇಟ್ಟರೆ ಬೆಲ್ಲ ತೇವ ಎಳೆದು ಆಸ್ರಿಯ (ಚಹಾ-ತಿಂಡಿಯ) ಹೊತ್ತಿಗೆ ಜೋಲುತ್ತದೆ.

ಕಾಕು ಆಮೇಲೆ ಬರೆದುಕೊಂಡರು. ಅಕ್ಕಿ, ಹಾಲು, ಅರಿಶಿನ, ಎಲ್ಲದರ ಎದುರಿಗೂ ಸಂಖ್ಯೆ. ಮಡಿಕೆ ಎಷ್ಟು ಕಾಯಬೇಕು ಎಂಬಲ್ಲಿ ಮಾತ್ರ ಮೂರು ಸಲ ಬರೆದು ಹೊಡೆದುಹಾಕಿ, ಮರಾಠಿಯಲ್ಲಿ ಒಂದೇ ಸಾಲು ಉಳಿಸಿದ್ದಾರೆ: ಬಟ್ಟೆ ತಾಗಿಸಿದಾಗ 'ಚುಂಯ್' ಅನ್ನಬೇಕು, 'ಚರ್ರ್' ಅನ್ನಬಾರದು.