ಯಾರೋ ಬ್ರಿಟಿಷ್ ಪೇಂಟರ್ ಅಂತೆ!

ನಿನ್ನೆ ಒಂದು ಉಪನ್ಯಾಸಕ್ಕೆ ಹೋಗಿದ್ದೆ. ಪರದೆ ಮೇಲೆ ದಿವಾನ್ ಪೂರ್ಣಯ್ಯನವರ ಆ ಚಿತ್ರ ಬಂತು, ನಾವೆಲ್ಲ ನೋಡಿ ನೋಡಿ ಬಾಯಿಪಾಠ ಆಗಿರೋದು. ಹಿಂದಿನ ಸಾಲಿನ ಹುಡುಗಿ 'ಇದನ್ನ ಬರೆದೋರು ಯಾರು ಸಾರ್?' ಅಂದಳು. 'ಯಾರೋ ಬ್ರಿಟಿಷ್ ಪೇಂಟರ್' ಅಂದು ಪುಣ್ಯಾತ್ಮರು ಮುಂದಿನ ಸ್ಲೈಡಿಗೆ ಹಾರಿದರು. ನನಗೆ ಮೈಯೆಲ್ಲ ಉರಿದುಹೋಯಿತು. ನನ್ನ ಉರಿ ನಿಮಗೇನು ಹೊಸದಲ್ಲ ಬಿಡಿ.

ಯಾರೋ ಅಲ್ಲ ಸ್ವಾಮಿ, ಥಾಮಸ್ ಹಿಕ್ಕಿ. 1741ರಲ್ಲಿ ಡಬ್ಲಿನ್‌ನಲ್ಲಿ ಹುಟ್ಟಿದ ಐರಿಷ್ ಮನುಷ್ಯ. 1780ರಲ್ಲಿ ಇಂಡಿಯಾಕ್ಕೆ ಹೊರಟ ಹಡಗು ಫ್ರೆಂಚ್-ಸ್ಪ್ಯಾನಿಷ್ ನೌಕಾಪಡೆಯ ಕೈಗೆ ಸಿಕ್ಕಿತು. ಈತ ಲಿಸ್ಬನ್ ಸೇರಿ ಅಲ್ಲಿಯವರ ಮುಖ ಬರೆದು ಹೊಟ್ಟೆ ಹೊರೆದ. ಆಮೇಲೆ ಕಲ್ಕತ್ತ. 1792ರಲ್ಲಿ, ಬ್ರಿಟನ್ ಚೀನಾದ ಚಕ್ರವರ್ತಿಯ ಬಳಿಗೆ ಕಳಿಸಿದ ಮೆಕಾರ್ಟ್ನಿ ರಾಯಭಾರದ ಅಧಿಕೃತ ಚಿತ್ರಕಾರನಾಗಿ ಹೊರಟ. ಅಲ್ಲಿ ಕೆಲಸ ಮಾಡಿದ್ದು ಅಷ್ಟಕ್ಕಷ್ಟೇ, ರಾಶಿ ರಾಶಿ ಬರೆದದ್ದು ಜೊತೆಗಿದ್ದ ವಿಲಿಯಂ ಅಲೆಗ್ಸಾಂಡರ್. ಸೋಮಾರಿ ಅನ್ನಿ, ಜಗಳಕ್ಕೆ ಬರಲ್ಲ. 'ಯಾರೋ' ಅನ್ನಬೇಡಿ.

1799ರ ಮೇ 4ಕ್ಕೆ ಶ್ರೀರಂಗಪಟ್ಟಣ ಬಿತ್ತು. ಹಿಕ್ಕಿ ಬಂದು, ಗೆದ್ದ ಅಧಿಕಾರಿಗಳನ್ನ ಒಬ್ಬೊಬ್ಬರಾಗಿ ಕೂರಿಸಿಕೊಂಡು ಐವತ್ತಕ್ಕೂ ಹೆಚ್ಚು ಮುಖ ಚಾಕ್‌ನಲ್ಲಿ ಇಳಿಸಿದ. ಅವನ್ನಿಟ್ಟುಕೊಂಡು ಯುದ್ಧದ ಏಳು ದೊಡ್ಡ ಚಿತ್ರ ಮಾಡುವ ಆಸೆ. ಆಗಲೇ ಇಲ್ಲ. ಅತ್ತ ಲಂಡನ್ನಿನಲ್ಲಿ ರಾಬರ್ಟ್ ಕೆರ್ ಪೋರ್ಟರ್ ಅನ್ನೋ ಇಪ್ಪತ್ತರ ಆಚೀಚಿನ ಹುಡುಗ, ಕಾವೇರಿ ನೀರನ್ನ ಕಣ್ಣಲ್ಲೂ ಕಾಣದವನು, 1800ರಲ್ಲಿ ಆ ಕೋಟೆ ಲಗ್ಗೆಯದೇ ನೂರಡಿಗೂ ಉದ್ದದ ಪನೋರಮಾ, ಅಂದರೆ ಅಗಲಕ್ಕೆ ಹರಡಿದ ಭಾರೀ ಚಿತ್ರ, ಬರೆದುಬಿಟ್ಟ. ಜನ ಕಾಸು ಕೊಟ್ಟು ಮುಗಿಬಿದ್ದರು. ಬಂದು ನೋಡಿದವನು 'ಯಾರೋ', ನೋಡದವನಿಗೆ ಜಾತ್ರೆ!

'ಕಂಪನಿಯ ಬಾಲ ಹಿಡಿದು ಬಂದವನಿಗೆ ಯಾಕಿಷ್ಟು ಮರ್ಯಾದೆ?' ಅಂತ ಯಾರಾದರೂ ಕೇಳೇ ಕೇಳ್ತೀರಿ. ಹೌದಪ್ಪ, ಗೆದ್ದವರ ಅನ್ನ ತಿಂದ. ಆದರೆ ಪುಸ್ತಕದಿಂದ ಫ್ಲೆಕ್ಸ್‌ವರೆಗೆ ಅವನ ಚಿತ್ರ ಬೇಕು, ಹೆಸರು ಮಾತ್ರ ಮೈಲಿಗೆಯೋ?

1816ರಲ್ಲಿ ಹಿಕ್ಕಿ ಬರೆದ, ಮೈಸೂರು ಸೀಮೆಯ ಸರ್ವೆ ಮಾಡಿದ ಕಂಪನಿ ಅಧಿಕಾರಿ ಕಾಲಿನ್ ಮೆಕೆಂಜಿಯ ಚಿತ್ರ ಒಮ್ಮೆ ಹಿಗ್ಗಿಸಿ ನೋಡಿ. ಕೆಂಪು ಕೋಟಿನ ಸಾಹೇಬ. ಅವನ ಸುತ್ತ ನಮ್ಮ ನೆಲದ ಮೂವರು, ಒಬ್ಬನ ಕೈಯಲ್ಲಿ ದುರ್ಬೀನು. ಅವರನ್ನೆಲ್ಲ ದಾಟಿ ಕಣ್ಣು ಹಿಂದಕ್ಕೆ ಹೋದರೆ, ದೂರದ ಗುಡ್ಡದ ಮೇಲೆ ಪುಟ್ಟದಾಗಿ ನಿಂತಿದ್ದಾನೆ ಕಾರ್ಕಳದ ಗೊಮ್ಮಟ! ಎಪ್ಪತ್ತೈದರ ಮುದುಕ ಬರೆದದ್ದು ಅದು. 1824ರಲ್ಲಿ ಮದರಾಸಿನಲ್ಲೇ ತೀರಿಕೊಂಡ.

ಇಷ್ಟೆಲ್ಲ ಕೂಗಾಡಿದ ಮೇಲೆ ಒಂದು ವಿಷಯ ಒಪ್ಪಿಕೊಳ್ಳಲೇಬೇಕು. ಎಷ್ಟೋ ವರ್ಷದ ಹಿಂದೆ ಒಂದು ಸ್ಮರಣ ಸಂಚಿಕೆಯ ಮುಖಪುಟಕ್ಕೆ ಇದೇ ಪೂರ್ಣಯ್ಯನವರನ್ನ ಹಾಕಿ, ಕೆಳಗೆ 'ಚಿತ್ರಕೃಪೆ: ಅಂತರ್ಜಾಲ' ಅಂತ ಅಚ್ಚು ಹಾಕಿಸಿದ್ದು ನಾನೇ.