ಫಂಕ್ಷನ್ ನಡುವೆ ಕಾಲಂ ಟೈಪ್ ಬದಲಿಸೋ ಮಹಾನುಭಾವರಿಗೆ

ಪೋಸ್ಟ್‌ಗ್ರೆಸ್ ಡೇಟಾಬೇಸ್‌ನಲ್ಲಿ ಬರೆದ ಫಂಕ್ಷನ್ ಶುರುವಿನಲ್ಲಿ ಟೇಬಲ್ಲಿನ ಸಾಲುಗಳನ್ನೆಲ್ಲ ಒಂದು ಅರೇಗೆ (ಮೆಮೊರಿಯಲ್ಲಿರೋ ಪಟ್ಟಿಗೆ) ತುಂಬಿಸ್ಕೊಳ್ತೀರಿ. ಕೋಡ್‌ನಲ್ಲಿ ನಾಲ್ಕು ಸಾಲು ಕೆಳಗೆ ಆಲ್ಟರ್ ಟೇಬಲ್ (ಟೇಬಲ್ ವಿನ್ಯಾಸ ಬದಲಿಸೋ ಆದೇಶ) ಹಾಕಿ ಇಂಟಿಜರ್ (ಪೂರ್ಣಾಂಕ) ಕಾಲಂ ಅನ್ನು ಟೆಕ್ಸ್ಟ್ ಮಾಡ್ತೀರಿ. ಅದಾದ್ಮೇಲೆ ಮತ್ತೆ ಅದೇ ಹಳೇ ಅರೇಯಿಂದ ಓದ್ತೀರಿ! ಸರ್ವರ್ ಬಿದ್ದ ಮೇಲೆ ಟಿಕೆಟ್ ಬರುತ್ತೆ: ‘ಪೋಸ್ಟ್‌ಗ್ರೆಸ್ ಸರಿ ಇಲ್ಲ.’ ಕುಣಿಯಲಾರದವಳಿಗೆ ನೆಲ ಡೊಂಕು.

ಆಲ್ಟರ್ ಟೇಬಲ್ ಡಿಸ್ಕ್‌ನಲ್ಲಿರೋ ಸಾಲುಗಳನ್ನು ಹೊಸದಾಗಿ ಬರೆಯುತ್ತೆ, ನಿಮ್ಮ ವೇರಿಯಬಲ್ ಒಳಗಿರೋದನ್ನು ಮುಟ್ಟೋದೂ ಇಲ್ಲ. ಅಲ್ಲಿರೋ ಸಾಲಿನ ತಲೆಯಲ್ಲಿ ‘ನಾನು ಇಂಥ ಟೇಬಲ್ಲಿನ ಸಾಲು’ ಅನ್ನೋ ನಂಬರ್ ಮಾತ್ರ ಇರುತ್ತೆ, ಯಾವ ಕಾಲದ ವಿನ್ಯಾಸ ಅಂತ ಇರಲ್ಲ. ಓದೋ ಕೋಡ್ ಕ್ಯಾಟಲಾಗ್ (ಟೇಬಲ್ಲಿನ ಈಗಿನ ವಿನ್ಯಾಸದ ದಾಖಲೆ) ನೋಡಿ ‘ಓ, ಇದು ಟೆಕ್ಸ್ಟ್’ ಅಂದ್ಕೊಳ್ಳುತ್ತೆ. ಟೆಕ್ಸ್ಟ್‌ನ ಮೊದಲ ನಾಲ್ಕು ಬೈಟ್ ಸಾಮಾನ್ಯವಾಗಿ ಅದರ ಉದ್ದ ಹೇಳುತ್ತೆ. ಮಾಮೂಲಿ ಇಂಟೆಲ್ ಯಂತ್ರದಲ್ಲಿ ಆ ಸಂಖ್ಯೆಯನ್ನು ನಾಲ್ಕರಿಂದ ಭಾಗಿಸಿದ್ರೆ ಉದ್ದ ಸಿಗುತ್ತೆ. ಅಲ್ಲಿ ಕೂತಿದ್ದ 40,00,000 ಅನ್ನೋ ಇಂಟಿಜರ್ ಈಗ 10 ಲಕ್ಷ ಬೈಟ್ ಉದ್ದದ ಬರಹ! ತನ್ನದಲ್ಲದ ಮೆಮೊರಿಗೆ ಕೈ ಹಾಕ್ತು, ಸಿಗ್ನಲ್ 11 (ಹೀಗೆ ಕೈ ಹಾಕಿದ ಪ್ರೋಸೆಸ್ ಅನ್ನು ಆಪರೇಟಿಂಗ್ ಸಿಸ್ಟಂ ಕೊಲ್ಲೋ ಸೂಚನೆ), ಕಥೆ ಮುಗೀತು. ಸಂಖ್ಯೆ 1000 ಆಗಿದ್ರೆ 250 ಬೈಟ್, ಕಸ ಓದಿಕೊಂಡು ಬದುಕಿಬಿಡಬಹುದು. ಅದಕ್ಕೇ ‘ಟೆಸ್ಟಿಂಗ್‌ನಲ್ಲಿ ಸರಿ ಇತ್ತು’ ಅನ್ನೋ ರಾಗ.

ಒಂದು ಪ್ರೋಸೆಸ್ ಸತ್ರೆ ಹಂಚಿಕೊಂಡ ಮೆಮೊರಿ ಕೆಟ್ಟಿರಬಹುದು ಅಂತ ಪೋಸ್ಟ್‌ಮಾಸ್ಟರ್ (ಪೋಸ್ಟ್‌ಗ್ರೆಸ್‌ನ ಮುಖ್ಯ ಪ್ರೋಸೆಸ್) ಉಳಿದವರ ಕನೆಕ್ಷನ್‌ಗಳನ್ನೂ ಕೊಂದು ರಿಕವರಿಗೆ ಇಳಿಯುತ್ತೆ. ಬಿಲ್ ಹಾಕ್ತಾ ಕೂತವರು ಏನು ಪಾಪ ಮಾಡಿದ್ರು?

ಹುಡುಕೋದೂ ಸುಲಭ ಅಲ್ಲ. ಲಾಗ್‌ನಲ್ಲಿ ‘ಫೇಲ್ಡ್ ಪ್ರೋಸೆಸ್ ವಾಸ್ ರನ್ನಿಂಗ್’ ಪಕ್ಕದಲ್ಲಿ ಫಂಕ್ಷನ್ ಕರೆದ ಹೊರಗಿನ ಸೆಲೆಕ್ಟ್ ಮಾತ್ರ ಕಾಣುತ್ತೆ, ಫಂಕ್ಷನ್ ಒಳಗಿನ ಕೋಡ್ ಸಾಲು ಅಲ್ಲ. ಸಿಸ್ಟಂಡಿ (ಲಿನಕ್ಸ್‌ನಲ್ಲಿ ಸರ್ವರ್ ಶುರು ಮಾಡೋ ವ್ಯವಸ್ಥೆ) ಸರ್ವಿಸ್‌ನಲ್ಲಿ ಕೋರ್ (ಸತ್ತ ಪ್ರೋಸೆಸ್‌ನ ಮೆಮೊರಿಯ ನಕಲು ಫೈಲ್) ಮಿತಿಯನ್ನು ಇನ್ಫಿನಿಟಿ ಮಾಡಿ ರೀಸ್ಟಾರ್ಟ್ ಮಾಡಬೇಕು, ಅದೇ ಆವೃತ್ತಿಯ ಡೀಬಗ್ ಸಿಂಬಲ್ (ಫಂಕ್ಷನ್, ವೇರಿಯಬಲ್ ಹೆಸರುಗಳ ಮಾಹಿತಿ) ಹಾಕಬೇಕು, ಮತ್ತೆ ಬೀಳಿಸಬೇಕು (ಪ್ರೊಡಕ್ಷನ್‌ನಲ್ಲಲ್ಲ, ಪುಣ್ಯಾತ್ಮರೇ, ನಕಲು ಸರ್ವರ್‌ನಲ್ಲಿ). ಕೋರ್ ಅನ್ನು ಜಿಡಿಬಿಯಲ್ಲಿ (ಡೀಬಗರ್) ತೆರೆದು ಬಿಟಿ (ಯಾವ ಕರೆಯಿಂದ ಯಾವ ಕರೆ ಅನ್ನೋ ಪಟ್ಟಿ ತೋರಿಸೋ ಆದೇಶ) ಕೊಟ್ಟು, ಪಿಎಲ್‌ಪಿಜಿಎಸ್‌ಕ್ಯೂಎಲ್‌ನ (ಫಂಕ್ಷನ್ ಬರೆಯೋ ಪೋಸ್ಟ್‌ಗ್ರೆಸ್ ಭಾಷೆ) ಎಕ್ಸೆಕ್ ಸ್ಟೇಟ್‌ಮೆಂಟ್ ಫ್ರೇಮ್‌ಗೆ ಹೋಗಿ ಲೈನ್‌ನಂಬರ್ ಪ್ರಿಂಟ್ ಮಾಡಿದ್ರೆ ಅಪರಾಧಿ ಸಾಲು ಸಿಗುತ್ತೆ.

ಆ ಟೇಬಲ್ ಮೇಲೇ ಲೂಪ್ ಓಡ್ತಿದ್ರೆ ಪೋಸ್ಟ್‌ಗ್ರೆಸ್ ತಾನೇ ಆಲ್ಟರ್ ಬೇಡ ಅಂತ ಎರರ್ ಕೊಡುತ್ತೆ. ಅದನ್ನು ತಪ್ಪಿಸೋಕೇ ಅಲ್ವಾ ನೀವು ಅರೇಗೆ ತುಂಬಿಸಿದ್ದು! ಬರೀ ಲೆಕ್ಕಕ್ಕೆ ಟೆಕ್ಸ್ಟ್ ಬೇಕಿದ್ರೆ ಸೆಲೆಕ್ಟ್‌ನಲ್ಲೇ ಕಾಸ್ಟ್ ಮಾಡಿ (ಟೈಪ್ ಪರಿವರ್ತಿಸಿ). ಕಾಲಂ ನಿಜವಾಗ್ಲೂ ಬದಲಾಗಬೇಕಿದ್ರೆ ಆಲ್ಟರ್ ಅನ್ನು ಫಂಕ್ಷನ್ ಹೊರಗೆ, ಲಾಕ್ ಟೈಮ್ಔಟ್ (ಲಾಕ್‌ಗೆ ಕಾಯೋ ಸಮಯದ ಮಿತಿ) ಇಟ್ಟು, ಪ್ರತ್ಯೇಕ ಮೈಗ್ರೇಶನ್ (ವಿನ್ಯಾಸ ಬದಲಿಸೋ ಸ್ಕ್ರಿಪ್ಟ್) ಆಗಿ ಓಡಿಸಿ. ಆ ಟಿಕೆಟ್‌ನ ಶೀರ್ಷಿಕೆಯಿಂದ ‘ಪೋಸ್ಟ್‌ಗ್ರೆಸ್ ಬಗ್’ ಅನ್ನೋದನ್ನ ಇವತ್ತೇ ತೆಗೀರಿ.